ದೊಡ್ಡೂರು, ಸಣ್ಣೂರು ಮತ್ತು ಎರಡು ಗಂಟೆ

ನಾನು ಬಿಟ್ಟು ಬಂದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ಫೋನ್ ಮಾಡುತ್ತಾರೆ. ಯಾವ ಸಾಫ್ಟ್‌ವೇರ್ ಕಲಿಯಬೇಕು, ಯಾವ ಪರೀಕ್ಷೆ ಕಟ್ಟಬೇಕು ಎಂದು ಕೇಳುತ್ತಾರೆ. ಅದನ್ನು ಹೇಳಲು ನನಗಿಂತ ಬುದ್ಧಿವಂತರು ಬೇಕಾದಷ್ಟು ಜನ ಇದ್ದಾರೆ. ಕೆಲಸ ನಿಜಕ್ಕೂ ಹೇಗಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವ ವಯಸ್ಸು ನನ್ನದು, ಹಾಗಾಗಿ ಹೇಳುತ್ತಿದ್ದೇನೆ.

ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ಬರೆದು ಸಹಿ ಮಾಡಿ ಕೊಡುವುದು ನನ್ನ ಕೆಲಸ. ಮನೆ ಟೆಕ್ಸಸ್‌ನ ಲೂಯಿಸ್‌ವಿಲ್‌ನಲ್ಲಿ, ಕಚೇರಿ ಡಲ್ಲಾಸ್ ವಿಮಾನ ನಿಲ್ದಾಣದ ಮಗ್ಗುಲಲ್ಲಿ. ದೊಡ್ಡ ಕಂಪನಿಗಳಿಗೆ ಇಂಥ ಲೆಕ್ಕದವರು ಅವರಲ್ಲೇ ಇರುತ್ತಾರೆ. ನಮ್ಮಲ್ಲಿಗೆ ಬರುತ್ತಿದ್ದವರು ಸಣ್ಣಪುಟ್ಟವರು: ಸರಕು ಸಾಗಿಸುವವರು, ಗಣಿಯವರು, ರೋಗಿಗಳನ್ನು ಒಯ್ಯುವವರು. ಅವರು ಹೋಗುವ ಊರುಗಳೂ ಹಾಗೇ ಇರುತ್ತಿದ್ದವು. ದೂರದ ಉತ್ತರದಲ್ಲಿ, ಧ್ರುವದ ಕಡೆಯ ಹಿಮದಲ್ಲಿ, ಜಲ್ಲಿ ಹಾಸಿದ ಒಂದು ರನ್‌ವೇ, ಒಂದು ಶೆಡ್ಡು, ಒಂದು ಫೋನು, ಅಷ್ಟೇ.

ಕನ್ನಡ ಸಂಘದ ದೀಪಾವಳಿ ಊಟದಲ್ಲಿ ಯಾರಾದರೂ ನನ್ನ ಕೆಲಸ ಏನೆಂದು ಕೇಳಿ, ನಾನು ಹೇಳಿದರೆ, ಕೂಡಲೇ ಜೇಬಿನಿಂದ ಫೋನ್ ತೆಗೆದು ಎರಡು ಊರಿನ ಹೆಸರು ಒತ್ತಿ ಉತ್ತರವನ್ನು ನನಗೇ ತೋರಿಸುತ್ತಿದ್ದರು. ಪಕ್ಕದೂರು ಪ್ರಾಸ್ಪರ್‌ನಿಂದ ಇನ್ನು ಇಪ್ಪತ್ತೇ ನಿಮಿಷ ಎಂದು ಹೇಳಿ, ಪಲ್ಯವೆಲ್ಲ ಆರಿದ ಮೇಲೆ ಬಂದವರೂ ಇವರೇ. ಆದರೂ ನಾನು ಅವರಿಗೆ ಹೋಳಿಗೆ ಬಡಿಸುತ್ತಿದ್ದೆ.

ಬಡ್ತಿಯ ಕಥೆ ಬಿಡಿ. ಸಿಕ್ಕಿದ್ದು ಕಡಿಮೆ, ಸಿಕ್ಕಾಗಲೂ ಕುರ್ಚಿ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ.

ನನ್ನ ಮೊದಲ ಮೇಲಧಿಕಾರಿ ವೇಡ್ ಎಂಬ ಎತ್ತರದ ಟೆಕ್ಸಸ್ ಮನುಷ್ಯ. ಆಫೀಸಿಗೂ ಬೂಟು, ಬಾಯಲ್ಲಿ ಸದಾ ಹಲ್ಲುಕಡ್ಡಿ. ಅವನು ಮೇಜಿನ ಮೇಲೆ ಒಂದು ಗ್ಲೋಬು ಇಟ್ಟುಕೊಂಡಿದ್ದ. ಕಂಪ್ಯೂಟರು ಕೊಟ್ಟ ದೂರವನ್ನು ನಾನು ಓದಿದರೆ, ಅವನು ಗ್ಲೋಬಿನ ಮೇಲೆ ದಾರ ಬಿಗಿದು ಹಿಡಿದು ತಾಳೆ ನೋಡುತ್ತಿದ್ದ. ಗೋಡೆಯ ನಕ್ಷೆಯಲ್ಲಿ ಅಡ್ಡಡ್ಡ ನೇರ ಗೆರೆಯಾಗಿ ಕಾಣುವ ದಾರಿ ಗ್ಲೋಬಿನ ಮೇಲೆ ಉತ್ತರಕ್ಕೆ ಬಾಗಿ ಹೋಗುತ್ತಿತ್ತು. ಧಾರವಾಡದ ಶಾಲೆಯಲ್ಲಿ ನಕಾಶೆ ಬರೆದು ಬರೆದು ಪಳಗಿದ ನನ್ನ ಕಣ್ಣಿಗೆ ಇದು ಒಗ್ಗಲು ಬಹಳ ದಿನ ಬೇಕಾಯಿತು.

ವೇಡ್‌ನ ಇನ್ನೊಂದು ಹಠವೇ ನನಗೆ ಕೆಲಸ ಕಲಿಸಿದ್ದು. ಹೊಸ ನಿಲ್ದಾಣದ ಹೆಸರು ಬಂದರೆ, ಅಲ್ಲಿಗೆ ಒಂದು ಸಲ ಫೋನ್ ಮಾಡಿ ಮಾತಾಡದೆ ಹೊತ್ತು ಬರೆಯುವಂತಿಲ್ಲ. ಫೋನ್ ಎತ್ತಿದವರು ಯಾರಾದರೂ ಸರಿ, ಏನು ಮಾತಾಡಿದರೂ ಸರಿ. ಆಗ ಫೋನಿನಲ್ಲಿ ಇಂಗ್ಲಿಷ್ ಮಾತಾಡಬೇಕೆಂದರೆ ಕೇಳಬೇಕಾದದ್ದನ್ನೆಲ್ಲ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ನನ್ನ ಉಚ್ಚಾರ ಅವರಿಗೆ ತಿಳಿಯದು, ಅವರದು ನನಗೆ. ಮೊದಲ ಸಲ ಫೋನ್ ಎತ್ತಿದ ಮುದುಕ ಉತ್ತರದ ಒಂದು ಊರಿನ ಅಂಚೆಯನ್ನೂ ನೋಡುತ್ತಿದ್ದ, ರನ್‌ವೇ ಹಿಮವನ್ನೂ ತೆಗೆಯುತ್ತಿದ್ದ. ನಾನು ರನ್‌ವೇ ಉದ್ದ ಕೇಳಿದರೆ ಅವನು ನಾನು ಮಧ್ಯಾಹ್ನ ಏನು ಉಂಡೆ ಎಂದು ಕೇಳಿದ. ರೊಟ್ಟಿ, ಹಿಟ್ಟಿನ ಪಲ್ಯ ಎಂದೆ. ಅದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಸ್ನೇಹವಾಗಿ, ವಸಂತದಲ್ಲಿ ರನ್‌ವೇಯ ಪೂರ್ವದ ತುದಿ ಮೆತ್ತಗಾಗುತ್ತದೆ, ಭಾರದ ವಿಮಾನ ಕಳಿಸಬೇಡಿ ಎಂದ. ಈ ಸಂಗತಿ ನಮ್ಮ ಯಾವ ದಾಖಲೆಯಲ್ಲೂ ಇರಲಿಲ್ಲ.

ವೇಡ್ ನಿವೃತ್ತನಾದ ಮೇಲೆ ಬಂದ ಹೊಸ ಅಧಿಕಾರಿಗೆ ಈ ಫೋನುಗಳು ಕೆಲಸಗಳ್ಳತನದಂತೆ ಕಂಡವು. ನಿಲ್ಲಿಸಿ ಎಂದರು. ಉಳಿದವರು ನಿಲ್ಲಿಸಿದರು. ನಾನು ಊಟದ ಹೊತ್ತಿನಲ್ಲಿ, ಡಬ್ಬಿ ಬಿಚ್ಚಿಟ್ಟುಕೊಂಡು, ಮಾಡುತ್ತಲೇ ಇದ್ದೆ. ಊಟದ ಹೊತ್ತು ನನ್ನದು, ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಎರಡು ಸಾವಿರದ ಹತ್ತರ ನಂತರದ ವರ್ಷಗಳಲ್ಲಿ ಎಲ್ಲವೂ ಬೇಗ ಬೇಗ ಬದಲಾಯಿತು. ಲೆಕ್ಕದ ಪ್ರೋಗ್ರಾಮುಗಳನ್ನು ಬರೆಯುವ ತಂಡ ಆಸ್ಟಿನ್‌ನಲ್ಲಿ ಕೂತಿತು, ನಾವು ಡಲ್ಲಾಸ್‌ನಲ್ಲಿ ಗುಂಡಿ ಒತ್ತುವವರಾದೆವು. ಆ ತಂಡದ ಮುಖ್ಯಸ್ಥ ಮೈಸೂರಿನ ಕಾರ್ತಿಕ್. ಚುರುಕು ಹುಡುಗ, ಪುರೋಹಿತರ ಮನೆತನ. ಇಂಗ್ಲಿಷಿನ ಮೀಟಿಂಗಿನಲ್ಲಿ ಎಲ್ಲರಂತೆ ನನ್ನನ್ನು ಶೈಲಾ ಎನ್ನುತ್ತಿದ್ದ, ಏನಾದರೂ ಬೇಕಾದರೆ ಶೈಲಜಾ ಆಂಟಿ ಎನ್ನುತ್ತಿದ್ದ. ಆಂಟಿ ಎಂದ ಕೂಡಲೇ ನಾನು ಹುಷಾರಾಗುತ್ತಿದ್ದೆ.

ಕಾರ್ತಿಕ್ ಟೆಕ್ಸಸ್ ಕನ್ನಡಿಗರಿಗಾಗಿ ಒಂದು ಪಂಚಾಂಗದ ಆ್ಯಪ್ ಮಾಡಿದ್ದ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರಕ್ಕೂ ಬೇರೆ ಬೇರೆ ಸೂರ್ಯೋದಯ, ರಾಹುಕಾಲ, ಏಕಾದಶಿ. ನನ್ನ ಫೋನಿನಲ್ಲೂ ಇತ್ತು, ಚೆನ್ನಾಗಿಯೇ ಇತ್ತು. ಉತ್ತರದ ಕೆಲವು ಊರುಗಳಲ್ಲಿ ದೀಪಗಳಿಲ್ಲದ ಕಾರಣ ಹಗಲಲ್ಲಿ ಮಾತ್ರ ವಿಮಾನ ಇಳಿಯಬಹುದು. ಅದಕ್ಕಾಗಿ ಸೂರ್ಯೋದಯ ಸೂರ್ಯಾಸ್ತದ ಲೆಕ್ಕ ಬೇಕಾದಾಗ, ಕೈಯಲ್ಲೇ ಇದೆಯಲ್ಲ ಎಂದು ಆ ಪಂಚಾಂಗದ ಲೆಕ್ಕವನ್ನೇ ತಂದು ಕೂರಿಸಿದ. ಚಳಿಗಾಲವೆಲ್ಲ ಸರಿಯಾಗಿಯೇ ನಡೆಯಿತು.

ಜೂನ್ ಬಂತು. ಪ್ರೋಗ್ರಾಮು ಉತ್ತರದ ಒಂದೊಂದೇ ಊರಿಗೆ ರಾತ್ರಿ ಎಂದು ತೋರಿಸತೊಡಗಿತು. ಬೆಳಿಗ್ಗೆ ನೋಡಿದರೂ ರಾತ್ರಿ, ಮಧ್ಯಾಹ್ನ ನೋಡಿದರೂ ರಾತ್ರಿ. ಅಲ್ಲಿನ ಪೈಲಟ್ ಒಬ್ಬ ಫೋನ್ ಮಾಡಿ, ನಾನು ಕಪ್ಪು ಕನ್ನಡಕ ಹಾಕಿಕೊಂಡು ರನ್‌ವೇ ಮೇಲೆ ನಿಂತಿದ್ದೇನೆ, ಕತ್ತಲಾಗಿದೆ ಇಳಿಯಬೇಡ ಎನ್ನುತ್ತೀರಿ ಎಂದು ನಕ್ಕ. ಆಗಿದ್ದಿಷ್ಟೇ: ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಹಾಗಾಗಿ ಹುಟ್ಟುವುದೂ ಇಲ್ಲ. ನಮ್ಮ ಪಂಚಾಂಗದಲ್ಲಿ ಉದಯವಾಗದೆ ದಿನವೇ ಶುರುವಾಗುವುದಿಲ್ಲ. ಉದಯ ಸಿಗದ ಕಡೆ ಕಾರ್ತಿಕ್‌ನ ಲೆಕ್ಕ ಹಿಂದಿನ ರಾತ್ರಿಯನ್ನೇ ಎಳೆದುಕೊಂಡು ಹೋಗುತ್ತಿತ್ತು. ಇಂಥ ತಪ್ಪನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡಲಾರರು ಎಂದು ನಾನು ಹೇಳಿದರೆ ಅವನೂ ನಕ್ಕ. ತಿದ್ದುವವರೆಗೆ ನಾನು ಅಷ್ಟೂ ಊರುಗಳಿಗೆ ಕೈಯಲ್ಲೇ ಬರೆದು ಕೊಟ್ಟೆ. ಹುಡುಗನ ಮೇಲೆ ನನಗೆ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. ಮುಂದಿನದನ್ನು ಓದುವಾಗ ಅದನ್ನು ನೆನಪಿಟ್ಟುಕೊಳ್ಳಿ.

ಅದಾಗಿ ಎರಡು ಮೂರು ವರ್ಷಕ್ಕೆ ಹ್ಯೂಸ್ಟನ್‌ನಿಂದ ಒಂದು ಕೆಲಸ ಬಂತು. ಉತ್ತರದ ಒಂದು ಪ್ರಾಂತ್ಯದಲ್ಲಿ ರೋಗಿಗಳನ್ನು ಒಯ್ಯುವ ವಿಮಾನಗಳ ವ್ಯವಸ್ಥೆಯನ್ನು ಮರುಜೋಡಿಸಲು ಸಲಹೆ ಕೊಡುವ ಕಂಪನಿ ಅದು. ಅಲ್ಲಿನ ಎರಡು ಊರುಗಳ ನಿಜವಾದ ಹೆಸರು ನಾನು ಹೇಳುವಂತಿಲ್ಲ, ದೊಡ್ಡೂರು, ಸಣ್ಣೂರು ಎಂದುಕೊಳ್ಳಿ. ದೊಡ್ಡೂರು ಎಂದರೂ ನಮ್ಮ ಕಡೆಯ ಒಂದು ಹೋಬಳಿಯಷ್ಟಿಲ್ಲ. ಆದರೆ ಅಲ್ಲಿ ಆಸ್ಪತ್ರೆ ಇದೆ, ಒಂದು ವಿಮಾನವೂ ಇದೆ. ಸಣ್ಣೂರಿನಲ್ಲಿ ಇರುವುದು ನರ್ಸುಗಳ ಒಂದು ಕೋಣೆ, ಜೊತೆಗೆ ಸದಾ ಸಿದ್ಧವಾಗಿ ನಿಂತಿರುವ ಒಂದು ಪುಟ್ಟ ವಿಮಾನ. ಎರಡರ ನಡುವೆ ರಸ್ತೆಯೇ ಇಲ್ಲ.

ಎರಡು ಕಡೆ ವಿಮಾನ, ಎರಡು ಕಡೆ ಸಿಬ್ಬಂದಿ ಯಾಕೆ ಎಂಬುದು ಹ್ಯೂಸ್ಟನ್‌ನವರ ಪ್ರಶ್ನೆ. ದೊಡ್ಡೂರಿನಿಂದ ಹೊರಟ ವಿಮಾನ ಎರಡು ಗಂಟೆಯೊಳಗೆ ಸಣ್ಣೂರು ಮುಟ್ಟುವುದಾದರೆ, ಸಣ್ಣೂರಿನ ವಿಮಾನವನ್ನು ದೊಡ್ಡೂರಿಗೇ ತಂದು ನಿಲ್ಲಿಸಬಹುದು ಎಂದು ಅವರು ನಿಯಮ ಮಾಡಿಕೊಂಡಿದ್ದರು. ನಮ್ಮಿಂದ ಬೇಕಾಗಿದ್ದು ಆ ಒಂದು ಅಂಕಿ. ಪ್ರೋಗ್ರಾಮು ಕೂಡಲೇ ಕೊಟ್ಟಿತು. ಎರಡು ಗಂಟೆಗೆ ಸ್ವಲ್ಪವೇ ಕಡಿಮೆ. ನಾನು ವೇಡ್‌ನಂತೆ ಗ್ಲೋಬಿನ ಮೇಲೆ ದಾರ ಹಿಡಿದು ನೋಡಿದರೂ, ಗಾಳಿಯ ಲೆಕ್ಕ ಹಾಕಿ ನೋಡಿದರೂ ಅಂಕಿ ಸರಿಯಾಗಿಯೇ ಇತ್ತು.

ಸಹಿ ಹಾಕುವ ಮುಂಚೆ ಡಬ್ಬಿ ಬಿಚ್ಚಿಕೊಂಡು ಸಣ್ಣೂರಿಗೆ ಫೋನ್ ಮಾಡಿದೆ. ನಿಲ್ದಾಣದವರು ನರ್ಸಮ್ಮನನ್ನೇ ಕೇಳಿ ಎಂದು ನಂಬರು ಕೊಟ್ಟರು. ಲೂಸಿ ಎಂದು ಅವಳ ಹೆಸರು, ಆ ಊರಿನವಳೇ, ಹೆಚ್ಚುಕಡಿಮೆ ನನ್ನ ವಯಸ್ಸು. ದೊಡ್ಡೂರಿನಿಂದ ವಿಮಾನ ಬರಲು ಎರಡು ಗಂಟೆ ಸಾಕೇ ಎಂದು ಕೇಳಿದೆ. ಸಾಕು ಎಂದಳು. ಯಾಕೆ ಕೇಳುತ್ತೀ ಎಂದಳು. ಹೇಳಿದೆ.

ಆಗ ಅವಳು ಒಂದು ಚಳಿಗಾಲದ ಕಥೆ ಹೇಳಿದಳು. ಅವರ ವಿಮಾನ ರಿಪೇರಿಗೆ ಹೋಗಿತ್ತು. ಮೀನು ಹಿಡಿಯುವ ಒಬ್ಬ ಮನುಷ್ಯನಿಗೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ದೊಡ್ಡೂರಿನಿಂದ ವಿಮಾನ ಕರೆಸಿದರು. ಅವನು ಅವಳ ಕೈ ಹಿಡಿದುಕೊಂಡು ಮತ್ತೆ ಮತ್ತೆ, ಯಾವಾಗ ಬರುತ್ತದೆ, ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದ. ಅವಳು ಎರಡು ಗಂಟೆ ಎಂದು ಹೇಳುತ್ತಿದ್ದಳು.

“ವಿಮಾನ ಹೇಳಿದ ಹೊತ್ತಿಗೇ ಬಂತು, ಒಂದು ನಿಮಿಷವೂ ತಡವಾಗಲಿಲ್ಲ. ಅವನು ತೀರಿಕೊಂಡಿದ್ದು ವಾಪಸು ಹೋಗುವ ದಾರಿಯಲ್ಲಿ,” ಎಂದಳು ಲೂಸಿ.

ನನ್ನ ಮುಂದಿದ್ದ ಊಟ ಹಾಗೇ ಉಳಿಯಿತು. ಅಂಕಿ ಸರಿಯಾಗಿತ್ತು, ಪ್ರಶ್ನೆ ತಪ್ಪಾಗಿತ್ತು. ವಿಮಾನ ಸಣ್ಣೂರಿನಲ್ಲೇ ನಿಂತಿದ್ದರೆ ರೋಗಿ ಹತ್ತಿದ ಕೂಡಲೇ ದೊಡ್ಡೂರಿನ ಆಸ್ಪತ್ರೆಗೆ ಹಾರುತ್ತದೆ, ಒಂದು ಪಯಣ. ದೊಡ್ಡೂರಿನಲ್ಲಿ ನಿಂತಿದ್ದರೆ ಖಾಲಿ ಬರಬೇಕು, ತುಂಬಿಕೊಂಡು ಹೋಗಬೇಕು, ಎರಡು ಪಯಣ. ಅದೂ ದೊಡ್ಡೂರು ಇರುವುದು ಪಶ್ಚಿಮಕ್ಕೆ, ಗಾಳಿ ಬೀಸುವುದೂ ಆ ಕಡೆಯಿಂದಲೇ. ಬರುವಾಗ ಬೆನ್ನು ತಳ್ಳಿದ ಗಾಳಿ ರೋಗಿಯನ್ನು ಒಯ್ಯುವಾಗ ಎದುರಿಗೆ ನಿಲ್ಲುತ್ತದೆ. ಹ್ಯೂಸ್ಟನ್‌ನವರು ವಿಮಾನ ಸಣ್ಣೂರು ಮುಟ್ಟಿದ ಕೂಡಲೇ ಗಡಿಯಾರ ನಿಲ್ಲಿಸಿಬಿಟ್ಟಿದ್ದರು. ರೋಗಿಗೆ ಅಲ್ಲಿಗೆ ಅರ್ಧವೂ ಮುಗಿದಿರುವುದಿಲ್ಲ.

ನಾನು ಎರಡು ಸಾಲು ಬರೆದೆ. ಮೊದಲನೆಯದು ಅವರು ಕೇಳಿದ ಅಂಕಿ. ಎರಡನೆಯದು, ಕರೆ ಹೋದಾಗಿನಿಂದ ರೋಗಿ ಆಸ್ಪತ್ರೆಯ ಬಾಗಿಲು ಮುಟ್ಟುವವರೆಗಿನ ಹೊತ್ತು, ಎಂಜಿನ್ ಬಿಸಿ ಮಾಡುವುದೂ ಸೇರಿ. ಎರಡನೆಯದು ಮೊದಲನೆಯದರ ಎರಡರಷ್ಟನ್ನೂ ಮೀರಿತ್ತು.

ಮರುದಿನ ಆಸ್ಟಿನ್‌ನಿಂದ ಫೋನ್ ಬಂತು. ಶುರುವಾಗಿದ್ದೇ ಆಂಟಿ ಎಂದು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡೋಣ, ಎರಡನೇ ಸಾಲು ತೆಗೆಯಿರಿ ಎಂದ ಕಾರ್ತಿಕ್. ಹ್ಯೂಸ್ಟನ್‌ನವರು ಮುಂದೆ ದೊಡ್ಡ ಕೆಲಸ ಕೊಡುವವರಿದ್ದರು, ಅವನ ತಂಡ ಅದನ್ನೇ ನಂಬಿಕೊಂಡಿತ್ತು. ತೆಗೆಯುವುದಿಲ್ಲ ಎಂದೆ. ಸಹಿ ಬೇರೆಯವರಿಂದ ಹಾಕಿಸಬಹುದು ಎಂದ. ಹಾಕಿಸು, ನಾನು ಯಾಕೆ ಹಾಕಲಿಲ್ಲ ಎಂದು ಯಾರಾದರೂ ಕೇಳಿದರೆ ಹೇಳುತ್ತೇನೆ ಎಂದೆ.

ಕೊನೆಗೆ ಇಬ್ಬರೂ ಹ್ಯೂಸ್ಟನ್‌ಗೆ ಹೋಗಿ ಮಾತಾಡುವುದೆಂದಾಯಿತು. ಅವನು ಯಾವುದೋ ಮೀಟಿಂಗಿಗೆ ಡಲ್ಲಾಸ್‌ಗೆ ಬಂದಿದ್ದ, ಅವನ ಕಾರಿನಲ್ಲೇ ಹೊರಟೆವು. ಅರ್ಧ ದಾರಿ ಕಳೆಯಿತು. ಆಮೇಲೆ ಅವನು ರಸ್ತೆಯನ್ನೇ ನೋಡುತ್ತಾ ಹೇಳಿದ:

“ಆಂಟಿ, ನಿಮಗೆ ರಿಟೈರ್ಮೆಂಟ್ ಹತ್ರ ಬಂತು. ನನಗಿನ್ನೂ ಗ್ರೀನ್ ಕಾರ್ಡೇ ಬಂದಿಲ್ಲ. ಈ ಕೆಲಸ ಹೋದ್ರೆ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ ಹೇಳಿ.”

ಅವನು ಹೇಳಿದ್ದು ನಿಜವೇ. ಹಠ ಮಾಡುವುದು ನನಗೆ ಸುಲಭವಾಗಿತ್ತು, ಅದರ ಬೆಲೆ ಬೇರೆಯವನ ಮೇಲೆ ಬೀಳುವುದಿತ್ತು. ಆದರೂ ಆ ಮೀನುಗಾರನ ಕೈ ಬಿಟ್ಟು ಬರಲು ನನ್ನಿಂದಾಗಲಿಲ್ಲ.

“ನೋಡೋ ಕಾರ್ತಿಕ್, ಅವ್ರು ಕೇಳಿದ್ದು ವಿಮಾನದ ಹೊತ್ತು. ನಾ ಹೇಳೂದು ಪೇಷಂಟಿನ ಹೊತ್ತು. ಅದನ್ನ ಬಿಟ್ಟು ಸಹಿ ಮಾಡಂಗಿಲ್ಲ. ನಿನ್ನ ಹೆಸರು ಎಲ್ಲೂ ಬ್ಯಾಡ, ಹಠ ನಂದು ಅಂತ ನಾನ ಹೇಳ್ತೀನಿ,” ಎಂದೆ.

ಹ್ಯೂಸ್ಟನ್‌ನಲ್ಲಿ ಈ ಕೆಲಸ ನೋಡಿಕೊಳ್ಳುತ್ತಿದ್ದವರು ಬಸವರಾಜ ಎಂಬ ಹುಬ್ಬಳ್ಳಿಯವರು. ಕನ್ನಡ ಸಮ್ಮೇಳನಗಳಲ್ಲಿ ಕಂಡ ಮುಖ. ಕಾಗದವನ್ನು ಮುಂಚೆಯೇ ಕಳಿಸಿದ್ದೆವು. ಮಧ್ಯಾಹ್ನದ ಮೀಟಿಂಗಿಗೆ ಮುಂಚೆ ಊಟಕ್ಕೆ ಮನೆಗೇ ಬನ್ನಿ ಎಂದು ಪಟ್ಟು ಹಿಡಿದು ಹ್ಯೂಸ್ಟನ್ ಹೊರವಲಯದ ಫುಲ್‌ಶೀರ್‌ನ ಹೊಸ ಮನೆಗೆ ಕರೆಸಿಕೊಂಡರು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅವರ ತಾಯಿ ಒಲೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಆರು ತಿಂಗಳ ಹಿಂದೆ ಅವರಿಗೆ ಹೃದಯದ ಆಪರೇಷನ್ ಆಗಿತ್ತೆಂದು ಸಂಘದ ಬಾಯಿಂದ ನನಗೆ ಗೊತ್ತಿತ್ತು.

ಬಸವರಾಜ ಒಳ್ಳೆಯ ಮಾತಿನ ಮನುಷ್ಯ. ಎಣ್ಣೆಗಾಯಿ ಬಡಿಸುತ್ತಲೇ, ಎರಡನೇ ಸಾಲು ಯಾಕ ಬೇಕ್ರಿ ಅಕ್ಕಾರ, ಮ್ಯಾಲಿನವ್ರಿಗೆ ಗೊಂದಲ ಆಕ್ಕತಿ ಎಂದರು. ವಿಮಾನ ಎರಡು ತಾಸಿನಾಗ ಬರ್ತದಲ್ಲ, ಬಂತಂದ್ರ ಮುಗೀತಲ್ಲ ಎಂದರು. ನಾನು ಗಾಳಿ, ಎಂಜಿನ್ನು ಎಂದೆಲ್ಲ ಹೇಳಿದೆ. ಅವರು ತಲೆ ಅಲ್ಲಾಡಿಸಿದರೇ ಹೊರತು ಒಪ್ಪಲಿಲ್ಲ. ಕಾರ್ತಿಕ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಇನ್ನು ಮೀಟಿಂಗಿಗೆ ಹೋಗಿ ಸೋತು ಬರುವುದೊಂದೇ ಬಾಕಿ ಎನಿಸಿತು. ತಾಯಿ ಬೆಣ್ಣೆ ತರಲು ಒಳಗೆ ಹೋದರು. ಆಗ ನಾನು ದನಿ ತಗ್ಗಿಸಿ ಕೇಳಿದೆ:

“ಬಸವರಾಜ ಅವರ, ಅವ್ವಾರಿಗೆ ಎದಿನೋವು ಬಂದಾಗ ಎಲ್ಲಿಗೆ ಕರ್ಕೊಂಡ್ ಹೋದ್ರಿ?”

“ಹ್ಯೂಸ್ಟನ್ ದೊಡ್ಡ ದವಾಖಾನಿಗೆ. ಯಾಕ್ರಿ?”

“ಕಾರು ಎಲ್ಲಿತ್ತು?”

“ಇಲ್ಲೇ ಗ್ಯಾರೇಜಿನ್ಯಾಗ.”

“ಇನ್ಮ್ಯಾಲ ಅದನ್ನ ದವಾಖಾನಿ ಪಾರ್ಕಿಂಗಿನ್ಯಾಗ ಇಡ್ರಿ. ಬೇಕಾದಾಗ ಅಲ್ಲಿಂದ ಯಾರರ ಇಲ್ಲಿಗೆ ತೊಗೊಂಡ್ ಬರ್ಲಿ. ತಾಸಿನ ಹಾದಿ, ಬಂತಂದ್ರ ಮುಗೀತಲ್ಲ.”

ಬಸವರಾಜ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಒಳಗಿನಿಂದ ತಾಯಿ ಬೆಣ್ಣೆಯ ಬಟ್ಟಲು ಹಿಡಿದು ಬಂದು, ಮಗನ ತಟ್ಟೆಗೆ ಒಂದು ಮುದ್ದೆ ಹಾಕಿ, ನಮ್ಮ ತಟ್ಟೆಗಳಿಗೂ ಹಾಕಿದರು. ಅವರು ಕೂತುಕೊಳ್ಳುವವರೆಗೂ ಬಸವರಾಜ ಅವರನ್ನೇ ನೋಡುತ್ತಿದ್ದರು.

“ಎರಡೂ ಸಾಲು ಇರ್ಲಿ ಅಕ್ಕಾರ. ನಾ ಮ್ಯಾಲ ಕಳಸ್ತೀನಿ. ಅವ್ರು ಏನಂತಾರ ಅಂತ ಈಗ ನಾ ಹೇಳಾಕ ಬರಂಗಿಲ್ಲ,” ಎಂದರು.

ಅವರು ಮಾತು ಉಳಿಸಿಕೊಂಡರು. ಮೀಟಿಂಗಿನಲ್ಲಿ ಅವರ ಮೇಲಿನವರು ನನ್ನನ್ನು ಹಿಗ್ಗಾಮುಗ್ಗಾ ಪ್ರಶ್ನಿಸಿದರು, ಕೇಳದ್ದನ್ನು ಹೇಳಲು ನೀನು ಯಾರು ಎಂಬ ಧಾಟಿಯಲ್ಲಿ. ಕೇಳಬೇಕಾದದ್ದು ಇದು ಎಂದು ನಾನು ಹೇಳಿದೆ. ಮೂರು ಸಲ ಬೇರೆ ಬೇರೆ ಥರ ಕೇಳಿದರು, ಮೂರು ಸಲವೂ ಅದನ್ನೇ ಹೇಳಿದೆ. ಬಸವರಾಜ ನಡುವೆ ಬಾಯಿ ಹಾಕಿ ಕಾಗದ ಹೀಗೆಯೇ ಹೋಗಲಿ ಎಂದರು.

ಉತ್ತರದ ಸರ್ಕಾರದವರು ಎರಡನೇ ಸಾಲನ್ನು ಓದಿದರು. ಸಣ್ಣೂರಿನ ವಿಮಾನ ಸಣ್ಣೂರಿನಲ್ಲೇ ಉಳಿಯಿತು. ನಮಗೆ ಹ್ಯೂಸ್ಟನ್‌ನಿಂದ ಮತ್ತೆ ಕೆಲಸ ಬರಲಿಲ್ಲ. ಒಂದೇ ಅಂಕಿ ಕೊಡುವ ಇನ್ನೊಬ್ಬರು ಅವರಿಗೆ ಸಿಕ್ಕಿದ್ದರು. ಕಾರ್ತಿಕ್‌ನ ತಂಡ ಸಣ್ಣದಾಯಿತು, ಅವನೇ ಬೇರೆ ಕಂಪನಿ ಹುಡುಕಿಕೊಂಡು ಹೋದ, ಗ್ರೀನ್ ಕಾರ್ಡಿನ ಅರ್ಜಿ ಇನ್ನಷ್ಟು ಎಳೆಯಿತು. ತುಂಬಾ ದಿನ ನನ್ನೊಂದಿಗೆ ಮಾತು ಬಿಟ್ಟಿದ್ದ. ಅದು ನನಗೆ ನೋವು ಕೊಟ್ಟಿತು, ಈಗಲೂ ಕೊಡುತ್ತದೆ. ಅದೇ ಕಾಗದ ನಾಳೆ ಮತ್ತೆ ಬಂದರೆ ಮತ್ತೆ ಎರಡು ಸಾಲನ್ನೇ ಬರೆಯುತ್ತೇನೆ. ಹೊಸದಾಗಿ ಸೇರಿದ ನಿಮಗೆ ನಾನು ಹೇಳುವುದೂ ಅಷ್ಟೇ: ಅಂಕಿ ಸರಿಯಾಗಿದ್ದರೆ ಸಾಲದು, ಅದು ಯಾರ ಹೊತ್ತು ಎಂದು ಕೇಳಿಕೊಳ್ಳಿ.

ನಾನು ನಿವೃತ್ತಳಾಗುವ ವಾರದಲ್ಲಿ, ಮೇಜಿನ ಸಾಮಾನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಾಗ, ಲೂಸಿಯ ಫೋನ್ ಬಂತು. ಅವಳು ಅದುವರೆಗೆ ತಾನಾಗಿ ಫೋನ್ ಮಾಡಿದ್ದೇ ಇಲ್ಲ. ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ಅವಳಿ ಮಕ್ಕಳ ಬಸುರಿಯೊಬ್ಬಳಿಗೆ ದಿನ ತುಂಬುವ ಮುಂಚೆಯೇ ನೋವು ಬಂದಿತ್ತಂತೆ, ಈಗಷ್ಟೇ ವಿಮಾನ ಹತ್ತಿಸಿ ಕಳಿಸಿ ಬಂದೆ ಎಂದಳು. ಎಲ್ಲ ಸರಿಯಾಗುತ್ತದೆಯೇ ಎಂದು ಕೇಳಿದೆ. ಅದು ದೊಡ್ಡೂರಿನ ಡಾಕ್ಟರ ಕೈಯಲ್ಲಿದೆ ಎಂದಳು. ಹುಡುಗಿ ಹೆದರಿದ್ದಳೇ ಎಂದೆ.

“ಹೆದರಿದ್ದಳು, ತುಂಬಾ ಅತ್ತಳು,” ಎಂದಳು ಲೂಸಿ. “ಆದರೆ ವಿಮಾನ ಯಾವಾಗ ಬರುತ್ತದೆ ಎಂದು ಒಂದು ಸಲವೂ ಕೇಳಲಿಲ್ಲ, ಶೈಲಾ. ಕಿಟಕಿಯಾಚೆ ನಿಂತಿತ್ತಲ್ಲ.”